ಟಬ್ಬಿನ ಗದ್ದೆಗೆ ಇಳಿದ ಹಕ್ಕಿ

ಬಹರೈನಿನಲ್ಲಿ ಆಗಸ್ಟ್ ಮುಗಿದು ಸೆಪ್ಟೆಂಬರ್ ಹುಟ್ಟುವಾಗ ಮನುಷ್ಯರಿಗೆ ಯಾವ ಬದಲಾವಣೆಯೂ ಗೊತ್ತಾಗುವುದಿಲ್ಲ. ಬೆಳ್ಳಂಬೆಳಿಗ್ಗೆ ಹಿತ್ತಲ ಬಾಗಿಲಿನ ಚಿಲಕ ಮುಟ್ಟಿದರೆ ಬಿಸಿ. ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕದ ಮೇಲೆ ಹಬೆ. ಸುಹೇಲ್ ನಕ್ಷತ್ರ ಮೂಡಿತು, ಇನ್ನು ಸೆಕೆ ಇಳಿಯುತ್ತದೆ ಎಂದು ನಮ್ಮ ಮನೆಯ ಮಾಲಿಕರು ಪ್ರತಿ ವರ್ಷ ಹೇಳುತ್ತಾರೆ. ನಾನು ಪ್ರತಿ ವರ್ಷ ತಲೆಯಾಡಿಸುತ್ತೇನೆ. ಸೆಕೆ ಇಳಿಯುವುದಿಲ್ಲ. ಹಕ್ಕಿಗಳು ಮಾತ್ರ ಆ ನಕ್ಷತ್ರದ ಮಾತಿಗೆ ಬೆಲೆ ಕೊಟ್ಟು ಬರಲು ಶುರುಮಾಡುತ್ತವೆ.

ನಮ್ಮ ಮನೆ ಅರಾದ್‌ನಲ್ಲಿ, ವಿಮಾನ ನಿಲ್ದಾಣದ ಮಗ್ಗುಲಲ್ಲೇ. ಹಳೆಯ ಒಂದಂತಸ್ತಿನ ಮನೆ, ಹಿಂದೆ ಗೋಡೆ ಕಟ್ಟಿದ ಹಿತ್ತಲು. ಹಿತ್ತಲು ಎಂದರೆ ಬಾಳೆ, ತೆಂಗು, ಬಾವಿ ಎಂದು ಯಾರೂ ಕಲ್ಪಿಸಿಕೊಳ್ಳಬೇಡಿ. ಮರಳಿನ ಮೇಲೆ ಎಳೆದ ಸಿಮೆಂಟು, ಒಂದು ಮೂಲೆಯಲ್ಲಿ ಬೋರೆಹಣ್ಣಿನ ಮರ, ಇನ್ನೊಂದು ಮೂಲೆಯಲ್ಲಿ ತಲೆ ಬಾಚದ ಖರ್ಜೂರದ ಮರ, ನಡುವೆ ಬಟ್ಟೆ ಒಣಗಿಸುವ ಹಗ್ಗ. ಗೋಡೆಯ ಏಸಿಗಳಿಂದ ಹಗಲೂ ರಾತ್ರಿ ನೀರು ತೊಟ್ಟಿಕ್ಕುತ್ತದೆ. ಆ ನೀರು ನಿಂತು ಬೋರೆಮರದ ಬುಡದಲ್ಲಿ ತಟ್ಟೆಯಗಲದ ಒಂದು ಕೆಸರು. ಮೇಲಿನಿಂದ ಹಾರುವ ಹಕ್ಕಿಗೆ ಬೇರೇನು ಕಾಣುತ್ತದೋ ನನಗೆ ತಿಳಿಯದು, ಈ ಕೆಸರು ಕಾಣುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ.

ನಾನು ನರ್ಸ್. ಆಸ್ಪತ್ರೆಯ ಪಾಳಿಗಳಲ್ಲಿ ಸಾಕಷ್ಟು ಸವೆದ ಮೇಲೆ ಮಧ್ಯಾಹ್ನ ತೆರೆಯುವ ಒಂದು ಕ್ಲಿನಿಕ್ಕಿಗೆ ಸೇರಿದೆ. ಹಾಗಾಗಿ ಬೆಳಗಿನ ಹೊತ್ತು ನನ್ನದಾಯಿತು. ಕೆಲಸ ಬಿಟ್ಟು ಊರಿಗೆ ಹೋದ ಸಹೋದ್ಯೋಗಿಯೊಬ್ಬಳು ಸೂಟ್‌ಕೇಸಿನಲ್ಲಿ ಹಿಡಿಸದ ಸಾಮಾನುಗಳ ಜೊತೆ ಒಂದು ಬೈನಾಕ್ಯುಲರ್ ನನಗೆ ದಾಟಿಸಿದ್ದಳು. ಅಡುಗೆಮನೆಯ ಕಿಟಕಿಯ ಹಿಂದೆ ಸ್ಟೂಲು ಹಾಕಿ, ಚಹಾ ಹಿಡಿದು ಕೂರುವುದು ಅಭ್ಯಾಸವಾಯಿತು. ಬಂದ ಹಕ್ಕಿ ಮೊದಲು ಬಾಯಿ ತೆರೆದು ಉಸಿರಾಡುತ್ತದೆ, ಆಮೇಲೆ ನೀರು ಕುಡಿಯುತ್ತದೆ, ಆಮೇಲೆಯೇ ತಿನ್ನಲು ಏನಾದರೂ ಹುಡುಕುತ್ತದೆ. ನಮ್ಮ ಕೆಲಸದಲ್ಲೂ ರೋಗಿಯನ್ನು ನೋಡುವ ಕ್ರಮ ಇದೇ, ಮೊದಲು ಉಸಿರು, ಅದಕ್ಕೇ ನನಗೆ ಇದು ಹಿಡಿಸಿತೋ ಏನೋ.

ಮೊದಲು ಬರುವವು ಕಳ್ಳಿಪೀರಗಳು. ಕಾಣುವ ಮೊದಲೇ ಕೇಳಿಸುತ್ತವೆ, ಎತ್ತರದಲ್ಲಿ ಗುಂಪಾಗಿ ಕುಲುಕುಲು ಎನ್ನುತ್ತ ವಿಮಾನಗಳಿಗೆ ದಾರಿ ಬಿಟ್ಟು ಹೋಗುತ್ತವೆ. ನಮ್ಮ ಹಿತ್ತಲಿಗೆ ಇಳಿಯುವಷ್ಟು ಬಡತನ ಅವಕ್ಕಿಲ್ಲ. ಆಮೇಲೆ ಚಂದ್ರಮುಕುಟ, ಕೆಸರಿನಲ್ಲಿ ಉದ್ದ ಕೊಕ್ಕು ಊರಿ ಏನನ್ನೋ ಕೀಳುತ್ತದೆ. ಒಂದು ಕಳಿಂಗ ಹಕ್ಕಿ ಬಟ್ಟೆಯ ಹಗ್ಗದ ಮೇಲೆ ನೆಟ್ಟಗೆ ಕೂತು ಹಲ್ಲಿಯನ್ನು ಕಾಯುತ್ತದೆ, ಹಿಡಿದರೆ ಖರ್ಜೂರದ ಮುಳ್ಳಿಗೆ ಚುಚ್ಚಿಡುತ್ತದೆ. ಹಳದಿ ಹೊಟ್ಟೆಯ ಸಿಪಿಲೆಗಳು ಬಾಲ ಕುಣಿಸುತ್ತ ಸಿಮೆಂಟಿನ ಮೇಲೆ ತಿರುಗುತ್ತವೆ. ಎಲ್ಲವೂ ಒಂದೆರಡು ದಿನದ ಅತಿಥಿಗಳು. ಒಂದು ಬೆಳಿಗ್ಗೆ ನೋಡಿದರೆ ಇಲ್ಲ.

ಇದನ್ನು ಯಾರಿಗಾದರೂ ಹೇಳಿದರೆ, ನಾವೂ ಹಾಗೆಯೇ ಅಲ್ಲವೇ, ಹೊಟ್ಟೆಪಾಡಿಗೆ ಹಾರಿ ಬಂದವರು, ಎಂದು ನಿಟ್ಟುಸಿರು ಬಿಡುತ್ತಾರೆ. ಚರ್ಚಿನ ಅಂಗಳದಲ್ಲಿ ಇಂಥ ಮಾತಿಗೆ ಬರವಿಲ್ಲ. ನನಗೆ ಇದು ಒಪ್ಪಿಗೆಯಿಲ್ಲ. ಹಕ್ಕಿಗೆ ಸಿಪಿಆರ್ ಎಂಬ ಇಲ್ಲಿಯ ಗುರುತಿನ ಕಾರ್ಡ್ ಬೇಡ, ಸ್ಪಾನ್ಸರ್ ಬೇಡ, ವೀಸಾ ಮುಗಿಯುತ್ತದೆಂಬ ಭಯವಿಲ್ಲ. ನಮಗೆ ರೆಕ್ಕೆಯಿಲ್ಲ. ಇಷ್ಟು ವ್ಯತ್ಯಾಸ ಸಾಕು.

ನಾನು ಹೇಳಹೊರಟಿರುವುದು ಮಾಂಯ್ ನಮ್ಮಲ್ಲಿಗೆ ಬಂದ ವರ್ಷದ ಸೆಪ್ಟೆಂಬರಿನ ಬಗ್ಗೆ. ಕರಾವಳಿಯ ಕ್ರೈಸ್ತರಾದ ನಾವು ಗಂಡನ ತಾಯಿಯನ್ನು ಕರೆಯುವುದು ಮಾಂಯ್ ಎಂದು. ಮಾವ ತೀರಿಕೊಂಡ ಮೇಲೆ ಅವರು ಊರಿನಲ್ಲಿ ತಮ್ಮ ತಂಗಿಯ ಮನೆಯಲ್ಲಿದ್ದರು. ಮೇ ತಿಂಗಳಲ್ಲಿ ನನ್ನ ಗಂಡ ಹೋಗಿ ಕರೆದುಕೊಂಡು ಬಂದರು. ಗಂಡನಿಗೆ ಮನಾಮದ ಒಂದು ಹೋಟೆಲಿನಲ್ಲಿ ಕೆಲಸ, ಪಾಳಿಗೆ ಹೊತ್ತು ಗೊತ್ತಿಲ್ಲ. ತಾಯಿ ಇನ್ನು ಇಲ್ಲೇ ಇರಬೇಕು ಎಂದು ಅವರ ಹಟ, ಕಾಗದಪತ್ರಗಳೆಲ್ಲ ತಯಾರು. ಆದರೆ ಟಿಕೆಟ್ ಎರಡೂ ಕಡೆಯದ್ದು. ವಾಪಸ್ ಹೋಗುವ ದಿನ ಮೊಂತಿ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಇತ್ತು, ಅದನ್ನು ರದ್ದು ಮಾಡಲು ಮಾಂಯ್ ಬಿಡಲಿಲ್ಲ.

"ಹಬ್ಬ ಆಗ್ಲಿ, ಮತ್ತೆ ನೋಡುವ," ಎಂದರು.

ಮೊಂತಿ ಹಬ್ಬ ಎಂದರೆ ನಮ್ಮ ತೆನೆಹಬ್ಬ. ಮರಿಯಮ್ಮನವರ ಹುಟ್ಟಿದ ದಿನ, ಹೊಸ ಅಕ್ಕಿಯ ಊಟದ ದಿನ. ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಅರೆದು ಪಾಯಸಕ್ಕೆ ಬೆರೆಸಿ, ಮನೆಯ ಹಿರಿಯರು ತಮ್ಮ ಕೈಯಿಂದ ಎಲ್ಲರಿಗೂ ಕೊಡುತ್ತಾರೆ. ಆ ದಿನ ಮನೆಯ ಯಾರೊಬ್ಬರೂ ಕಾಳಿಲ್ಲದೆ ಉಳಿಯಬಾರದು. ದೂರದಲ್ಲಿರುವವರಿಗೆ ಒಣಗಿದ ಕಾಳನ್ನು ಲಕೋಟೆಯಲ್ಲಿ ಕಳಿಸುವುದು ವಾಡಿಕೆ. ನಾವು ಬಹರೈನಿಗೆ ಬಂದಂದಿನಿಂದ ಪ್ರತಿ ವರ್ಷ ಮಾಂಯ್ ಕೈಬರಹದ ಒಂದು ಲಕೋಟೆ ನಮಗೆ ಬರುತ್ತಿತ್ತು, ಒಳಗೆ ಕಾಗದದ ಮಡಿಕೆಯಲ್ಲಿ ಹರಳಿನಂಥ ಕಾಳುಗಳು. ಪತ್ರವಿಲ್ಲ, ಎರಡು ಸಾಲೂ ಇಲ್ಲ. ಕಾಳು ಬಂತೆಂದರೆ ಎಲ್ಲ ಬಂದ ಹಾಗೆ.

ಈಗ ಅವರೇ ಇಲ್ಲಿ. ಇಲ್ಲಿಯ ನಮ್ಮವರ ಸಂಘದವರು ಹಬ್ಬಕ್ಕೆ ಊರಿನಿಂದ ವಿಮಾನದಲ್ಲಿ ತೆನೆ ತರಿಸುತ್ತಾರೆ, ಪೂಜೆಯ ನಂತರ ಮನೆಗೊಂದು ಹಂಚುತ್ತಾರೆ. ನಾನು ಇದನ್ನು ಸಂಭ್ರಮದಿಂದಲೇ ಹೇಳಿದೆ. ಮಾಂಯ್ ಮುಖ ಸಣ್ಣದಾಯಿತು.

"ಅದು ಯಾರ ಗದ್ದೆದೋ ಏನೋ. ಸಾಲಲ್ಲಿ ನಿಂತು ತಕ್ಕೊಂಡು ಬರುದು ಅಂದ್ರೆ ನಾನು ಕೊಡುದು ಎಂತ? ಇಷ್ಟು ವರ್ಷ ಕೊಟ್ಟ ಕೈ, ಬಾಯ್. ನಿಮ್ಮ ಮನೆಯಲ್ಲಿ ನೆಂಟಳ ಹಾಗೆ ಕೂತ್ಕೊಂಡು ತಿನ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ನಾವಿಬ್ಬರು ಮಾತಾಡುವುದು ಕೊಂಕಣಿಯಲ್ಲಿ, ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ಬಾಯ್ ಎಂದರೆ ಸೊಸೆಯನ್ನು ಮರ್ಯಾದೆ ಬೆರೆಸಿ ಕರೆಯುವ ಬಗೆ. ಅವರ ಬಾಯಲ್ಲಿ ನಮ್ಮ ಮನೆ ಯಾವತ್ತೂ 'ನಿಮ್ಮ ಮನೆ'ಯೇ ಆಗಿತ್ತು.

ಬರುವಾಗಲೇ ಅವರು ಒಂದು ಯೋಜನೆ ಹಾಕಿಕೊಂಡು ಬಂದಿದ್ದರು. ಕುಚ್ಚಲಕ್ಕಿ, ಒಣಮೀನು, ಬೆಲ್ಲದ ನಡುವೆ ಬಟ್ಟೆಯ ಗಂಟಿನಲ್ಲಿ ಬಿತ್ತನೆಯ ಭತ್ತ, ಬೇಗ ತೆನೆ ಬಿಡುವ ಜಾತಿಯದ್ದು. ಹಿತ್ತಲಿನಲ್ಲಿ ಬಿದ್ದಿದ್ದ ಒಡಕಲು ಸ್ನಾನದ ಟಬ್ಬನ್ನು ಬೋರೆಮರದ ನೆರಳಿಗೆ ಎಳೆಸಿ, ತೂತಿಗೆ ಬಟ್ಟೆ ತುರುಕಿ, ಖರ್ಜೂರದ ಬುಡದ ಮಣ್ಣು, ಅಂಗಡಿಯ ಗೊಬ್ಬರ ಕಲಸಿ ಗದ್ದೆ ಮಾಡಿದರು. ನಲ್ಲಿಯ ನೀರು ಉಪ್ಪು, ಬಿಸಿ ಬೇರೆ. ಹಾಗಾಗಿ ಏಸಿಯ ಪೈಪುಗಳನ್ನೆಲ್ಲ ಟಬ್ಬಿನ ಕಡೆ ತಿರುಗಿಸಲಾಯಿತು. ಬಹರೈನಿನ ಜುಲೈ ಬಿಸಿಲಿಗೆ ಒದ್ದೆ ಗೋಣಿಯ ಚಪ್ಪರ. ಇದು ಬೆಳೆಯುವುದಿಲ್ಲ ಎಂದು ನನಗೂ ಗಂಡನಿಗೂ ಖಾತ್ರಿಯಿತ್ತು. ಬೆಳೆಯಿತು. ಮಾಲಿಕರು ಒಮ್ಮೆ ಗೋಡೆಯಾಚೆಯಿಂದ ಇಣುಕಿ, "ಸಿಸ್ಟರ್, ಚಾವಲ್? ಇಧರ್? ಮಾಶಾಅಲ್ಲಾ!" ಎಂದು ಹೋದರು.

ಏಸಿಯ ನೀರು ಟಬ್ಬಿಗೆ ಹೋದ ಮೇಲೆ ನನ್ನ ಕೆಸರು ಒಣಗಿತು. ಆ ವರ್ಷ ಹಕ್ಕಿಗಳು ಇಳಿಯುವುದಾದರೆ ಟಬ್ಬಿಗೇ ಇಳಿಯಬೇಕಿತ್ತು.

ಮಾಂಯ್ ಹಗಲಿಡೀ ಗದ್ದೆ ಕಾಯುತ್ತಿದ್ದರು. ನಾನು ಕ್ಲಿನಿಕ್ಕಿನಿಂದ ಮರಳಿದರೆ ದಿನದ ವರದಿ ಸಿಗುತ್ತಿತ್ತು. "ಇವತ್ತು ಒಬ್ಬ ಬಂದಿದ್ದ, ತಲೆಗೆ ಬಾಚಣಿಗೆ ಸಿಕ್ಕಿಸ್ಕೊಂಡು." ಅದು ಚಂದ್ರಮುಕುಟ. "ಇನ್ನೊಬ್ಬ ಹಗ್ಗದ ಮೇಲೆ ಕೂತು ನನ್ನನ್ನೇ ನೋಡ್ತಿದ್ದ, ಕಣ್ಣಿಗೆ ಕಾಡಿಗೆ ಬೇರೆ, ದೊಡ್ಡ ರೌಡಿ." ಅದು ಕಳಿಂಗ. ನನ್ನ ಬೈನಾಕ್ಯುಲರಿಗೆ ಸಿಗದ ಎಷ್ಟೋ ಹಕ್ಕಿಗಳು ಆ ವರ್ಷ ಅವರ ಮಾತಿನಲ್ಲಿ ನನಗೆ ಸಿಕ್ಕವು. ಅವರು ಇದ್ದರೂ ಸರಿ, ಹೋದರೂ ಸರಿ ಎಂದು ಮೇ ತಿಂಗಳಲ್ಲಿ ನಾನು ಅಂದುಕೊಂಡಿದ್ದೆ. ಆಗಸ್ಟ್ ಮುಗಿಯುವಾಗ ನನಗೆ ಅವರು ಬೇಕಾಗಿದ್ದರು. ಇದನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ, ನಮ್ಮಲ್ಲಿ ಹಾಗೆಲ್ಲ ಹೇಳುವ ರೂಢಿಯಿಲ್ಲ.

ಭತ್ತ ಹೊಡೆ ಬಿಟ್ಟಿತು, ತೆನೆ ಹೊರಬಂತು. ಹೆಚ್ಚಿನದು ಜೊಳ್ಳು. ಹೂ ಬಿಡುವ ಹೊತ್ತಿನ ಸೆಕೆಗೆ ಕಾಳು ಕಟ್ಟಲಿಲ್ಲ. ಮಾಂಯ್ ಒಂದೊಂದೇ ತೆನೆಯನ್ನು ಬೆರಳಿನ ನಡುವೆ ಒತ್ತಿ ನೋಡಿ, ಎಲ್ಲೋ ನಾಲ್ಕಾರು ತೆನೆಗಳಲ್ಲಿ ಗಟ್ಟಿ ಕಾಳಿದೆ ಎಂದು ಪತ್ತೆಮಾಡಿ ಅವಕ್ಕೆ ಕೆಂಪು ದಾರ ಕಟ್ಟಿದರು. "ಸಾಕು. ಹಬ್ಬಕ್ಕೆ ಹೊಟ್ಟೆ ತುಂಬ ಬೇಡ, ಕೈ ತುಂಬ ಬೇಡ. ಕಾಳು ಉಂಟಲ್ಲ, ಸಾಕು," ಎಂದರು. ಆ ದಿನ ಅವರು ಎರಡು ಸಲ ಚಹಾ ಕೇಳಿ ಕುಡಿದರು.

ಆ ಕಾಳು ಗುಬ್ಬಿಗಳಿಗೂ ಗೊತ್ತಾಯಿತು. ಇಲ್ಲಿಯ ಗುಬ್ಬಿಗಳು ವಲಸೆ ಗಿಲಸೆ ಎಂದು ತಲೆ ಕೆಡಿಸಿಕೊಳ್ಳುವವಲ್ಲ, ವರ್ಷವಿಡೀ ಖರ್ಜೂರದ ಮರದಲ್ಲೇ ಠಿಕಾಣಿ. ಮಾಂಯ್ ಡಬ್ಬಿ ಬಡಿದರು, ನನ್ನ ಹಳೆಯ ಯೂನಿಫಾರ್ಮಿನಲ್ಲಿ ಬೆರ್ಚಪ್ಪ ಮಾಡಿದರು. ನರ್ಸಿಗೆ ಹೆದರುವ ಗುಬ್ಬಿ ಒಂದೂ ಇರಲಿಲ್ಲ. ಕೊನೆಗೆ ಮಾಲಿಕರ ಹತ್ತಿರ ಕೈಸನ್ನೆಯಲ್ಲೇ ಮಾತಾಡಿ, ಅವರ ಮನೆಯ ಅಟ್ಟದಲ್ಲಿದ್ದ ಹಳೆಯ ಮೀನು ಬಲೆಯೊಂದನ್ನು ತಂದು ಟಬ್ಬಿನ ಮೇಲೆ ಹೊದಿಸಿದರು. ಊರಿನ ಕಡಲ ತಡಿಯ ಗದ್ದೆಗಳಲ್ಲಿ ಇದೇ ಪದ್ಧತಿ, ಹರಿದ ಬಲೆಯನ್ನು ಬಿಗಿಯದೆ ಜೋಲು ಬಿಡುತ್ತಾರೆ, ಗಾಳಿಗೆ ಅದು ಅಲುಗಿದರೆ ಹಕ್ಕಿ ಹತ್ತಿರ ಬರುವುದಿಲ್ಲ.

"ಬಿಗಿಯಾಗಿ ಎಳೆದು ಕಟ್ಟುವ ಮಾಂಯ್, ಸಡಿಲ ಇದ್ರೆ ಸಿಕ್ಕಿ ಬೀಳ್ತವೆ," ಎಂದೆ.

"ನಿಂಗೆ ಇಂಜೆಕ್ಷನ್ ಗೊತ್ತು. ಬಲೆ ನಂಗೆ ಗೊತ್ತು," ಎಂದರು.

ಊರಿನ ಗಾಳಿ ಇಲ್ಲಿಲ್ಲ ಎನ್ನುವುದನ್ನು ಅವರು ಮರೆತಿದ್ದರು. ಸೆಪ್ಟೆಂಬರಿನ ಹಿತ್ತಲಿನಲ್ಲಿ ಒಂದು ಎಲೆಯೂ ಅಲುಗುವುದಿಲ್ಲ. ಬಲೆ ಸುಮ್ಮನೆ ತೆನೆಗಳ ಮೇಲೆ ಜೋತುಬಿದ್ದಿತ್ತು. ಗುಬ್ಬಿಗಳು ಒಂದು ದಿನ ದೂರ ನಿಂತು ನೋಡಿ, ಮತ್ತೆ ಅಭ್ಯಾಸ ಮಾಡಿಕೊಂಡವು.

ಹಬ್ಬದ ಮುನ್ನಾದಿನ ಬೆಳಿಗ್ಗೆ ಮಾಂಯ್ ಹಿತ್ತಲಿನಿಂದ ಕೂಗಿದರು. ಸ್ವರದಲ್ಲಿ ಗೆದ್ದ ಖುಷಿ ಇತ್ತು. "ಬಾಯ್, ಬಾ ಇಲ್ಲಿ! ಕಳ್ಳ ಸಿಕ್ಕಿದ!"

ಹೋಗಿ ನೋಡಿದೆ. ಟಬ್ಬಿನ ನಡುವೆ, ಕೆಂಪು ದಾರದ ತೆನೆಗಳ ಗೊಂಚಲಿನಲ್ಲೇ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಒಂದು ಹಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಬಲೆಯ ನೂಲು ಒಂದು ರೆಕ್ಕೆಗೂ ಕಾಲಿಗೂ ಸುತ್ತಿಕೊಂಡಿತ್ತು, ಒದ್ದಾಡಿ ಒದ್ದಾಡಿ ಅದೇ ನೂಲಿನಲ್ಲಿ ತೆನೆಗಳನ್ನೂ ಸೇರಿಸಿ ಹುರಿ ಮಾಡಿಕೊಂಡಿತ್ತು. ಬಾಯಿ ತೆರೆದಿತ್ತು. ಎದೆ ಬಡಿಯುತ್ತಿತ್ತೋ ನಡುಗುತ್ತಿತ್ತೋ ಹೇಳಲು ಬರುವಂತಿರಲಿಲ್ಲ.

"ಇದು ಗುಬ್ಬಿ ಅಲ್ಲ ಮಾಂಯ್."

"ಮತ್ತೆ?"

ಅದು ಉಲಿಯಕ್ಕಿ. ಬೂದು ಹಸಿರು ಮೈ, ಕಣ್ಣ ಮೇಲೊಂದು ಮಸುಕು ಗೆರೆ. ಯಾರೂ ಫೋಟೋ ತೆಗೆಯಲು ಹೋಗದ, ಹೆಸರು ಹೇಳಿದರೂ ನೆನಪಿನಲ್ಲುಳಿಯದ ಹಕ್ಕಿ. ಎಲ್ಲೋ ಉತ್ತರದ ಚಳಿಯ ಕಾಡುಗಳಿಂದ ಹೊರಟು ಆಫ್ರಿಕಾದ ಕಡೆ ಹೋಗುವ ಜಾತಿ. ನಾನು ಬೆರಳಿನಿಂದ ಕೊಕ್ಕು ತೋರಿಸಿದೆ. ಗುಬ್ಬಿಯದ್ದು ಇಕ್ಕಳದ ಹಾಗೆ ದಪ್ಪ, ಕಾಳು ಒಡೆಯಲಿಕ್ಕೆಂದೇ ಇರುವುದು. ಇದರದ್ದು ನಮ್ಮ ಕ್ಲಿನಿಕ್ಕಿನ ಚಿಮುಟದ ಹಾಗೆ ಸಪೂರ.

"ಇದಕ್ಕೆ ಭತ್ತ ತಿನ್ಲಿಕ್ಕೆ ಬರುದಿಲ್ಲ. ಪೈರಿನ ಹುಳ ಹೆಕ್ಕಲಿಕ್ಕೆ ಬಂದದ್ದು."

ಮಾಂಯ್ ಹತ್ತಿರ ಬಂದರು. ಬಗ್ಗಿ ಆ ಕೊಕ್ಕನ್ನು ನೋಡಿದರು. ಗೆಲುವು ಮುಖದಿಂದ ಇಳಿದುಹೋಯಿತು.

ನಾನು ಒಳಗಿನಿಂದ ಬ್ಯಾಂಡೇಜು ಕತ್ತರಿ ತಂದೆ. ಹಕ್ಕಿಯನ್ನು ಒಂದು ಕೈಯಲ್ಲಿ ಹಿಡಿದು ನೂಲು ಕತ್ತರಿಸಲು ನೋಡಿದೆ. ನೂಲು ಗರಿಗಳೊಳಗೆ ಹೂತಿತ್ತು, ಕತ್ತರಿಯ ತುದಿ ಹೋಗಲು ಜಾಗವಿಲ್ಲ. ತೆನೆಯ ದಂಟುಗಳು ಅದನ್ನು ಒಂದು ಕಡೆಯಿಂದ ಎಳೆದು ಹಿಡಿದಿದ್ದವು. ದಂಟು ಕೊಯ್ದರೆ ನೂಲು ಸಡಿಲವಾಗುತ್ತದೆ, ಇದು ಕಣ್ಣಿಗೆ ಕಾಣುತ್ತಿತ್ತು. ಆದರೆ ಮಾಂಯ್ ಮನೆಯ ಪದ್ಧತಿಯಲ್ಲಿ ಹಬ್ಬದ ತೆನೆಗೆ ಹಬ್ಬದ ದಿನ ಪ್ರಾರ್ಥನೆ ಹೇಳಿದ ಮೇಲೆಯೇ ಕತ್ತಿ ತಾಗಬೇಕು. ಅದಕ್ಕೆ ಮೊದಲು ಕೊಯ್ದದ್ದು ಹಬ್ಬಕ್ಕೆ ಬರುವುದಿಲ್ಲ ಎಂದು ನಾನು ಮದುವೆಯಾಗಿ ಬಂದ ಮೊದಲ ವರ್ಷವೇ ಇದೇ ಮಾಂಯ್ ಹೇಳಿಕೊಟ್ಟಿದ್ದರು. ನಾನು ಕತ್ತರಿ ಹಿಡಿದು ನಿಂತೆ. ಆ ನಾಲ್ಕಾರು ತೆನೆ ಹೋದರೆ ವಾಪಸ್ ಟಿಕೆಟ್ ಉಳಿಯುತ್ತದೆ, ಮಾಂಯ್ ಹೊರಟುಹೋಗುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ಹಕ್ಕಿ ಸಾಯುವುದು ದಿನಾ ನಡೆಯುವ ಸಂಗತಿ ಎನ್ನುವುದೂ ಗೊತ್ತಿತ್ತು.

"ಎಂತ ನೋಡ್ತಿ?" ಎಂದರು ಮಾಂಯ್. "ಕೊಡು ಇಲ್ಲಿ."

ಕತ್ತರಿ ಕಿತ್ತುಕೊಂಡು, ಶಿಲುಬೆಯ ಗುರುತು ಮಾಡಿ, ತಾವು ದಾರ ಕಟ್ಟಿದ್ದ ತೆನೆಗಳನ್ನು ಬುಡದಲ್ಲಿ ಕಚಕ್ಕೆಂದು ಕೊಯ್ದರು. ಒಂದಾದ ಮೇಲೊಂದು. ನೂಲು ಸಡಿಲವಾಯಿತು. ಕಾಳುಗಳು ಟಬ್ಬಿನ ಕೆಸರಿಗೆ ಉದುರುವುದು ನನಗೆ ಕೇಳಿಸಿತು. ನಾನು ರೆಕ್ಕೆ ಬಿಡಿಸಿದೆ, ಮಾಂಯ್ ಕಾಲು ಬಿಡಿಸಿದರು. ಅಂಥ ಸಣ್ಣ ಕೆಲಸಕ್ಕೆ ಅವರ ಬೆರಳುಗಳು ನನ್ನವಕ್ಕಿಂತ ಚುರುಕಾಗಿದ್ದವು, ಎಷ್ಟೆಂದರೂ ಬಲೆ ಅವರಿಗೇ ಗೊತ್ತು.

ಹಕ್ಕಿಯನ್ನು ತೂತು ಮಾಡಿದ ಚಪ್ಪಲಿ ಪೆಟ್ಟಿಗೆಯಲ್ಲಿಟ್ಟು ತಂಪಾದ ಕೋಣೆಯ ಕತ್ತಲಲ್ಲಿ ಬಿಟ್ಟೆವು. ಅದಕ್ಕೆ ಬೇರೆ ಚಿಕಿತ್ಸೆಯಿಲ್ಲ. ಮಾಂಯ್ ಟಬ್ಬಿನ ಪಕ್ಕ ಕೂತು ಕೆಸರಿನಲ್ಲಿ ಕೈಯಾಡಿಸುತ್ತ ಬಿದ್ದ ಕಾಳು ಹುಡುಕುತ್ತಿದ್ದರು. ಗುಬ್ಬಿಗಳು ಮರದಿಂದ ನೋಡುತ್ತಿದ್ದವು. ನಾನು ಕೆಲಸಕ್ಕೆ ಹೊರಟಾಗಲೂ ಅವರು ತಲೆಯೆತ್ತಲಿಲ್ಲ. ದಾರಿಯುದ್ದಕ್ಕೂ ನನಗೆ ಅಳು ಬರುವ ಹಾಗಾಗಿತ್ತು.

ಸಂಜೆ ಸ್ವಲ್ಪ ಹೊತ್ತು ಬಿಡುವು ಕೇಳಿ ಮನೆಗೆ ಬಂದೆ. ಪೆಟ್ಟಿಗೆಯನ್ನು ಬೋರೆಮರದ ಕೆಳಗಿಟ್ಟು ಮುಚ್ಚಳ ತೆಗೆದೆವು. ಹಕ್ಕಿ ಒಂದಷ್ಟು ಹೊತ್ತು ಅಲ್ಲೇ ಕೂತು, ಆಮೇಲೆ ಮರದೊಳಗೆ ನುಗ್ಗಿತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಬೆಳಿಗ್ಗೆ ಇರಲಿಲ್ಲ. ಹಾರಿಹೋಯಿತೋ, ಮಾಲಿಕರ ಬೆಕ್ಕಿನ ಹೊಟ್ಟೆ ಸೇರಿತೋ, ನನಗೆ ತಿಳಿಯದು.

ಹಬ್ಬದ ಪೂಜೆಗೆ ಹೋದೆವು. ಮಾಂಯ್ ಸಂಘದವರ ಸಾಲಿನಲ್ಲಿ ನಿಲ್ಲಲಿಲ್ಲ. ಕೆಸರಿನಿಂದ ಹೆಕ್ಕಿದ ಕಾಳು ಕಟ್ಟಿದ ತಮ್ಮ ಕರವಸ್ತ್ರದ ಗಂಟನ್ನು ಸಂಘದ ತೆನೆಗಳ ಬುಟ್ಟಿಯ ಅಂಚಿನಲ್ಲಿಟ್ಟರು, ಆಶೀರ್ವಾದದ ನೀರು ಬಿದ್ದ ಮೇಲೆ ತೆಗೆದುಕೊಂಡರು. ಮೊದಲೇ ಕೊಯ್ದದ್ದು ಹಬ್ಬಕ್ಕೆ ಬರುತ್ತದೆಯೇ ಎಂದು ನಾನು ಕೇಳಲಿಲ್ಲ. ಮನೆಗೆ ಬಂದು ಗಂಟು ಬಿಚ್ಚಿದಾಗ, ತೊಳೆದು ಒರೆಸಿದ ಕಾಳು ಒಂದು ಚಮಚದ ತಳ ಮುಚ್ಚುವಷ್ಟು ಇತ್ತು. ಅರೆಯಲು ಮಿಕ್ಸಿ ದೊಡ್ಡದಾಯಿತು, ನನ್ನ ಮಾತ್ರೆ ಪುಡಿ ಮಾಡುವ ಸಣ್ಣ ಕುಟ್ಟಾಣಿ ಬೇಕಾಯಿತು. ಈ ಹಬ್ಬದ ಮೀನಿಲ್ಲದ ಊಟಕ್ಕೆ ವರ್ಷಕ್ಕೊಮ್ಮೆ ಮುಖ ಗಂಟಿಕ್ಕುವ ನನ್ನ ಗಂಡ ಆ ದಿನ ತಾಯಿಯ ಮುಂದೆ ಸುಮ್ಮನೆ ಕೈಯೊಡ್ಡಿ ನಿಂತರು. ಮಾಂಯ್ ಮೊದಲು ಮಗನಿಗೆ ಕೊಟ್ಟರು, ನನಗೆ ಕೊಟ್ಟರು, ಕೊನೆಗೆ ತಾವು ತೆಗೆದುಕೊಂಡರು.

ಅರೆಯುವ ಮೊದಲು ಅವರು ಕೆಲವು ಕಾಳುಗಳನ್ನು ಎತ್ತಿಟ್ಟಿದ್ದು ನಾನು ನೋಡಿದ್ದೆ. ಊಟದ ಪಾತ್ರೆಗಳನ್ನೆಲ್ಲ ತೊಳೆದ ಮೇಲೆ ಅವರು ಅಡುಗೆಮನೆಯ ಮೇಜಿಗೆ ಬಂದು ಲಕೋಟೆ ಕೇಳಿದರು. ಕಾಗದದ ಮಡಿಕೆಯಲ್ಲಿ ಕಾಳು ಸೇರಿಸಿ, ಲಕೋಟೆಯ ಮೇಲೆ ಊರಿನಲ್ಲಿರುವ ತಂಗಿಯ ವಿಳಾಸ ಬರೆದರು. ಅದೇ ಕೈಬರಹ. ಮಾವ ತೀರಿಕೊಂಡ ಮೇಲೆ ನಮಗೆ ಬಂದ ಲಕೋಟೆಗಳ ಬೆನ್ನಿನಲ್ಲಿ, ಕಳಿಸಿದವರ ಜಾಗದಲ್ಲಿ, ಇರುತ್ತಿದ್ದದ್ದು ಅದೇ ವಿಳಾಸ.

ಆಮೇಲೆ ಲಕೋಟೆ ಮಗುಚಿ ನನ್ನ ಕಡೆ ನೋಡಿದರು.

"ಇಲ್ಲಿದು ಹೇಳು."

ಮನೆ ನಂಬರು, ರಸ್ತೆ ನಂಬರು, ಬ್ಲಾಕ್ ನಂಬರು ಹೇಳಿದೆ. ಇಲ್ಲಿಯ ವಿಳಾಸಗಳಲ್ಲಿ ಎಲ್ಲವೂ ನಂಬರು. ಒಂದೊಂದನ್ನೂ ಕೇಳಿ ಕೇಳಿ ಬರೆದರು, ಅರಾದ್ ಎಂದು ಸೇರಿಸಿದರು.

"ಸರಿಯಾಗಿ ಬರ್ದಿದ್ದೇನಾ ನೋಡು," ಎಂದರು. "ಅಲ್ಲಿಗೆ ಮುಟ್ಟದಿದ್ರೆ, ವಾಪಸ್ ನನ್ನ ಹತ್ತಿರ ಬರ್ಬೇಕಲ್ಲ."